ಹಿಂದಿನ ಚಕ್ರದೊಳಗಿನ ಗೇರು: ಮನೆಯ ಗುಂಪಿನಲ್ಲಿ ಒಂದು ಭಾನುವಾರ

ಮೈಸೂರು ಚಿಕ್ಕಪ್ಪ (ಫಾರ್ವರ್ಡ್): ಎಚ್ಚರಿಕೆ! ಹಬ್ ಸೈಕಲ್‌ಗೆ ಮೋಟಾರ್ ಕಿಟ್ ಹಾಕಿಸುವವರು ತಪ್ಪದೆ ಓದಿ. ಮೋಟಾರಿನ ಶಕ್ತಿಯನ್ನು ಹಬ್, ಅಂದರೆ ಚಕ್ರದ ನಡುಭಾಗ, ತಡೆದುಕೊಳ್ಳಲಾರದು. ಕೆಲವೇ ವಾರಗಳಲ್ಲಿ ಗೇರುಗಳು ಪುಡಿಯಾಗಿ ಚಕ್ರ ನಡುರಸ್ತೆಯಲ್ಲಿ ಕಚ್ಚಿಕೊಳ್ಳುತ್ತದೆ. ನಿಮ್ಮವರೆಲ್ಲರಿಗೂ ಕಳುಹಿಸಿ.

ಮೈಸೂರು ಚಿಕ್ಕಪ್ಪ: ನೆದರ್ಲೆಂಡ್ಸಿನ ಐಂಡ್‌ಹೋವನ್‌ನಲ್ಲಿರುವ ನಮ್ಮ ಹುಡುಗ ತನ್ನ ಸೈಕಲ್ಲಿಗೆ ಮೋಟಾರು ಕೂರಿಸಿಕೊಂಡಿದ್ದಾನೆಂದು ಅತ್ತಿಗೆ ಮೊನ್ನೆ ಹೇಳಿದ್ದರು. ಇದನ್ನು ನೋಡಿದ ಮೇಲೆ ನನಗೆ ನಿದ್ದೆ ಬರಲಿಲ್ಲ. ದಯವಿಟ್ಟು ಅದನ್ನು ಬಿಚ್ಚಿಸಿಬಿಡಪ್ಪ.

ಬೆಂಗಳೂರು ಅಕ್ಕ: ಚಿಕ್ಕಪ್ಪ, ಇದನ್ನು ಬರೆದವರು ಯಾರು, ಯಾವ ಸೈಕಲ್ಲಿನ ಮೇಲೆ ಪರೀಕ್ಷೆ ಮಾಡಿದರು ಎಂಬುದು ಎಲ್ಲಿಯೂ ಇಲ್ಲ. ಜೊತೆಗಿರುವ ಚಿತ್ರವನ್ನು ದೊಡ್ಡದು ಮಾಡಿ ನೋಡಿ. ಅದರಲ್ಲಿ ಹಿಂದಿನ ಚಕ್ರದ ನಡುವೆ ಇರುವುದು ಗೇರಲ್ಲ, ಮೋಟಾರು. ತಮ್ಮನ ಸೈಕಲ್ಲಿನಲ್ಲಿ ಆ ಜಾಗದಲ್ಲಿ ಗೇರುಗಳಿವೆ, ಮೋಟಾರು ಪೆಡಲುಗಳ ನಡುವೆ ಕೂತಿದೆ. ಎರಡನ್ನೂ ಹಬ್ ಎಂದೇ ಕರೆಯುವುದರಿಂದ ಬರೆದವರು ಒಂದಕ್ಕೊಂದು ಬೆರೆಸಿದ್ದಾರೆ.

ಮೈಸೂರು ಚಿಕ್ಕಪ್ಪ: ನಾನು ಏನು ಕಳುಹಿಸಿದರೂ ನಿನ್ನ ಮೊದಲ ಪ್ರಶ್ನೆ ಇದೇ. ನಿನ್ನ ಗೃಹಪ್ರವೇಶದ ದಿನ ನಾನು ಸಂಪಿನ ಬಿರುಕನ್ನು ತೋರಿಸಿದಾಗಲೂ ಬಂದ ನೆಂಟರೆಲ್ಲರ ಮುಂದೆ ‘ನಿಮಗೆ ಯಾರು ಹೇಳಿದರು’ ಎಂದು ಕೇಳಿದ್ದೆ. ಆ ಮಾತನ್ನು ನಾನು ಮರೆತಿಲ್ಲ.

ಬೆಂಗಳೂರು ಅಕ್ಕ: ಆ ದಿನ ಸಂಪಿನ ವಿಷಯದಲ್ಲಿ ನೀವು ಹೇಳಿದ್ದು ಸರಿಯಾಗಿತ್ತು, ನಾನು ಕೇಳಿದ ರೀತಿ ತಪ್ಪಾಗಿತ್ತು. ಈ ಬರಹ ಸರಿಯಿದೆ ಎಂದು ಮಾತ್ರ ನಾನು ಒಪ್ಪುವುದಿಲ್ಲ.

ಸಾಗರದ ದೊಡ್ಡಪ್ಪ: ಮಾತು ಬೆಳೆಸಬೇಡಿ. ಹಿರಿಯರು ಕಾಳಜಿಯಿಂದ ಏನನ್ನಾದರೂ ಕಳುಹಿಸಿದರೆ, ಸಾಕ್ಷಿ ಕೇಳುವ ಮೊದಲು ಆ ಕಾಳಜಿಯನ್ನು ಗೌರವಿಸಬೇಕು. ಇನ್ನು ಮೋಟಾರಿನ ವಿಚಾರ. ನಮ್ಮ ಅಪ್ಪ ದಿನವೂ ಸೈಕಲ್ ತುಳಿದು ಶಾಲೆಗೆ ಹೋಗಿ ಪಾಠ ಮಾಡಿ ಬಂದವರು. ಕೊನೆಯವರೆಗೂ ಮಂಡಿ ನೋವೆಂದು ಕೂತವರಲ್ಲ. ಕಾಲಿನಿಂದ ತುಳಿಯುವ ಗಾಡಿಗೆ ಮೋಟಾರು ಕಟ್ಟಿದರೆ ಕಾಲಿಗೇನು ಕೆಲಸ ಉಳಿಯುತ್ತದೆ?

ದೊಡ್ಡಪ್ಪನ ಮಗ ಅಣ್ಣ: ಅಜ್ಜನ ಸೈಕಲ್ಲಿನಲ್ಲೂ ಹಬ್ಬಿನೊಳಗೆ ಗೇರಿತ್ತಲ್ಲವೇ! ಹ್ಯಾಂಡಲ್ಲಿನ ಬಲಗಡೆ ಹೆಬ್ಬೆರಳಿನಷ್ಟು ದೊಡ್ಡ ಸನ್ನೆ, ಹಿಂದಿನ ಚಕ್ರದ ಹಬ್ಬಿನ ಮೇಲೆ ಎಣ್ಣೆ ಬಿಡಲು ಪುಟ್ಟ ಮುಚ್ಚಳ. ಭಾನುವಾರ ಬೆಳಿಗ್ಗೆ ಜಗಲಿಯಲ್ಲಿ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಆ ಮುಚ್ಚಳವನ್ನು ಉಗುರಿನಿಂದ ಎಬ್ಬಿಸಿ, ಎರಡು ಹನಿ ಎಣ್ಣೆ ಬಿಟ್ಟು, ಚಕ್ರವನ್ನು ಒಮ್ಮೆ ತಿರುಗಿಸಿ ಕಿವಿ ಕೊಡುತ್ತಿದ್ದರು. ಮೂರನೇ ಗೇರಿನಲ್ಲಿ ಬರುತ್ತಿದ್ದ ಆ ಟಿಕ್ ಟಿಕ್ ಸದ್ದು ಗೇಟಿನ ಬಳಿ ಕೇಳಿದರೆ ನಾವು ಪುಸ್ತಕ ಹಿಡಿದು ಕೂರುತ್ತಿದ್ದೆವು.

ಧಾರವಾಡದ ಅತ್ತೆ: ಅದೇ ಸೈಕಲ್ಲು ಅಪ್ಪನನ್ನು ಕೆಡವಿದ್ದನ್ನೂ ನೆನಪಿಸಿಕೊಳ್ಳಿ. ದೇವಸ್ಥಾನದ ಏರಿನಲ್ಲಿ ಎದ್ದು ನಿಂತು ತುಳಿಯುತ್ತಿದ್ದಾಗ ಪೆಡಲು ಇದ್ದಕ್ಕಿದ್ದಂತೆ ಖಾಲಿ ತಿರುಗಿ, ಎದೆ ಹ್ಯಾಂಡಲ್ಲಿಗೆ ಬಡಿದು, ಮೂರು ವಾರ ಹಾಸಿಗೆ ಹಿಡಿದಿದ್ದರು. ಹಿಂದಿನ ದಿನ ಹೇಳದೆ ಕೇಳದೆ ಸೈಕಲ್ಲನ್ನು ಪೇಟೆಗೆ ಒಯ್ದು ಏನೋ ಕೆಡಿಸಿಕೊಂಡು ಬಂದವನು ಯಾರೆಂದು ಎಲ್ಲರಿಗೂ ಗೊತ್ತು.

ಮೈಸೂರು ಚಿಕ್ಕಪ್ಪ: ಅಕ್ಕ, ಆಗ ನನಗೆ 16 ವರ್ಷ. ಒಯ್ದದ್ದು ನಿಜ, ಕೆಡಿಸಲಿಲ್ಲ. ಅಂದೂ ಅದನ್ನೇ ಹೇಳಿದೆ, ಯಾರೂ ನಂಬಲಿಲ್ಲ. ಹಬ್ಬಿನ ಗೇರು ಎಂಬ ಮಾತು ಕಿವಿಗೆ ಬಿದ್ದರೆ ಇಂದಿಗೂ ನನಗೆ ಆ ಏರೇ ಕಣ್ಣ ಮುಂದೆ ಬರುತ್ತದೆ. ಈ ಬರಹವನ್ನು ಕಳುಹಿಸಿದ್ದೂ ಅದಕ್ಕೇ.

ನಾನು: ಚಿಕ್ಕಪ್ಪ, ಮೊದಲು ಆ ಏರಿನ ವಿಷಯವನ್ನೇ ಹೇಳುತ್ತೇನೆ. ಅಣ್ಣ ಹೇಳಿದಂಥ ಹಳೆಯ ಮೂರು ಗೇರಿನ ಹಬ್ಬುಗಳಲ್ಲಿ ಎರಡನೆಯ ಮತ್ತು ಮೂರನೆಯ ಗೇರಿನ ನಡುವೆ ಯಾವ ಗೇರೂ ಹಿಡಿಯದ ಒಂದು ಖಾಲಿ ಜಾಗವಿರುತ್ತಿತ್ತು. ಸನ್ನೆಯಿಂದ ಹಬ್ಬಿಗೆ ಹೋಗುವ ಕೇಬಲ್ ಮೂರನೆಯ ಗೇರಿನಲ್ಲಿ ಪೂರ್ತಿ ಸಡಿಲ, ಮೊದಲನೆಯದರಲ್ಲಿ ಪೂರ್ತಿ ಬಿಗಿ. ಕೇಬಲ್ ತಾನಾಗಿಯೇ ದಿನ ಕಳೆದಂತೆ ಹಿಗ್ಗುತ್ತದೆ. ಕೂದಲೆಳೆಯಷ್ಟು ಸಡಿಲವಾದರೂ, ಸನ್ನೆ ಎರಡನೆಯ ಗೇರಿನಲ್ಲಿದ್ದಂತೆಯೇ ಕಂಡರೂ, ಒಳಗೆ ಗೇರನ್ನು ಹಿಡಿಯುವ ಕ್ಲಚ್ಚು ಆ ಖಾಲಿ ಜಾಗಕ್ಕೆ ಜಾರುತ್ತದೆ. ಕೂತು ತುಳಿಯುವವನಿಗೆ ಬರೀ ಒಂದು ಜಗ್ಗು, ಎದ್ದು ನಿಂತು ತುಳಿಯುವವನಿಗೆ ಕಾಲ ಕೆಳಗಿನ ನೆಲವೇ ಹೋದಂತೆ. ಅತ್ತೆ ವಿವರಿಸಿದ್ದು ಅಕ್ಷರಶಃ ಇದೇ. ಅದಕ್ಕೆ ಯಾರೂ ಏನನ್ನೂ ಕೆಡಿಸಬೇಕಾಗಿರಲಿಲ್ಲ. ಕೇಬಲಿನ ತುದಿಯ ತಿರುಪನ್ನು ಒಂದೆರಡು ಸುತ್ತು ಬಿಗಿ ಮಾಡಿದ್ದರೆ ಸಾಕಿತ್ತು.

ಧಾರವಾಡದ ಅತ್ತೆ: ಪೇಟೆಗೆ ಒಯ್ದದ್ದರಿಂದ ಸಡಿಲವಾಗಲಿಲ್ಲ ಎನ್ನುತ್ತೀಯಾ?

ನಾನು: ಒಂದು ದಿನದ ಸವಾರಿಯಿಂದ ಅಷ್ಟು ಸಡಿಲವಾಗುವುದಿಲ್ಲ ಅತ್ತೆ. ತಿಂಗಳುಗಟ್ಟಲೆ ಸವೆಯುತ್ತ ಬಂದದ್ದು ಆ ದಿನ ಮಿತಿ ದಾಟಿರಬೇಕು.

ಈಗ ನನ್ನ ಸೈಕಲ್ಲು. ಇದು ಎಂಟು ಗೇರಿನ ಹಬ್. ಇದರಲ್ಲಿ ಅಂಥ ಖಾಲಿ ಜಾಗವಿಲ್ಲ. ಹಿಂದಿನ ಚಕ್ರದ ಬಳಿ ಒಂದು ಪುಟ್ಟ ಕಿಂಡಿಯಲ್ಲಿ ಎರಡು ಹಳದಿ ಗೆರೆಗಳು ಕಾಣುತ್ತವೆ; ನಾಲ್ಕನೇ ಗೇರಿಗೆ ಹಾಕಿದಾಗ ಆ ಎರಡೂ ಒಂದೇ ಸಾಲಿನಲ್ಲಿ ನಿಂತರೆ ಕೇಬಲ್ ಸರಿಯಿದೆ ಎಂದು ಅರ್ಥ. ಪ್ರತಿ ಭಾನುವಾರ ಮೊಣಕಾಲೂರಿ ಅದನ್ನು ನೋಡುತ್ತೇನೆ.

ಫಾರ್ವರ್ಡಿನಲ್ಲಿರುವ ಭಯ ಪೂರ್ತಿ ಸುಳ್ಳಲ್ಲ ಎಂಬುದನ್ನು ಅಕ್ಕನೂ ಒಪ್ಪಬೇಕು. ಸೈಕಲ್ ಭಾಗಗಳನ್ನು ಮಾಡುವ ಶಿಮಾನೊ ಕಂಪನಿಯು ವಿದ್ಯುತ್ ಸೈಕಲ್ಲುಗಳಿಗೆಂದೇ ಐದು ಗೇರಿನ ಗಟ್ಟಿ ಹಬ್ಬೊಂದನ್ನು ಬೇರೆಯಾಗಿ ಮಾಡಿರುವುದೇ ಸಾಮಾನ್ಯ ಹಬ್ಬಿಗೆ ಮೋಟಾರು ಹೊರೆಯೆನ್ನುವುದಕ್ಕೆ ಸಾಕ್ಷಿ. ಆದರೆ ಹೊರೆಯಾಗುವುದು ಹೇಗೆ ಎಂಬುದನ್ನು ಬರೆದವರು ತಿಳಿದಿಲ್ಲ.

ಬೆಂಗಳೂರು ಅಕ್ಕ: ನಿನಗೂ ಅದೇ ಪ್ರಶ್ನೆ. ಲೆಕ್ಕ ಕೊಡು.

ನಾನು: ಕೊಡುತ್ತೇನೆ. ನನ್ನ ತೂಕ 80 ಕಿಲೋ, ಪೆಡಲಿನ ಕ್ರ್ಯಾಂಕ್, ಅಂದರೆ ಪೆಡಲನ್ನು ಹಿಡಿದಿರುವ ತೋಳು, 17 ಸೆಂಟಿಮೀಟರ್. ನಾನು ಒಂದೇ ಪೆಡಲಿನ ಮೇಲೆ ಎದ್ದು ನಿಂತರೆ ಬೀಳುವ ತಿರುಚುಬಲ ಸುಮಾರು 133 ನ್ಯೂಟನ್ ಮೀಟರ್. ಪೆಡಲಿನ ಬಳಿಯ ಹಲ್ಲಿನ ಚಕ್ರದಲ್ಲಿ 44 ಹಲ್ಲು, ಹಬ್ಬಿನ ಮೇಲೆ 20. ಹಾಗಾಗಿ ಹಬ್ಬಿಗೆ ತಲಪುವುದು 133ನ್ನು 20ರಿಂದ ಗುಣಿಸಿ 44ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 60. ಇದು ಮೋಟಾರೇ ಇಲ್ಲದಿದ್ದಾಗಿನ ಮಾತು. 80 ನ್ಯೂಟನ್ ಮೀಟರ್ ಕೊಡುವ ಮೋಟಾರನ್ನು ಪೂರ್ತಿ ಬಿಟ್ಟು, ಮೇಲೆ ನಾನೂ ಎದ್ದು ನಿಂತು ತುಳಿದರೆ ಅದು 97ಕ್ಕೆ ಏರುತ್ತದೆ. ಹಾಗೆ ಓಡಿಸುವವನ ಹಬ್ ಹೆಚ್ಚು ದಿನ ಬಾಳದು; ಅಷ್ಟರ ಮಟ್ಟಿಗೆ ಚಿಕ್ಕಪ್ಪನ ಮಾತು ಸರಿ.

ನಾನು ಮಾಡಿದ್ದು ಇಷ್ಟು. ಹಬ್ಬಿನ ಮೇಲಿನ 20 ಹಲ್ಲಿನ ಚಕ್ರವನ್ನು ತೆಗೆದು 18ರದ್ದನ್ನು ಹಾಕಿದೆ. ಹಿಂದೆ ಹಲ್ಲು ಕಡಿಮೆಯಾದಷ್ಟೂ ಹಬ್ಬಿನ ಮೇಲಿನ ಹೊರೆ ಇಳಿಯುತ್ತದೆ. ಮೋಟಾರಿನ ಬಲವನ್ನು 40ರ ಸುಮಾರಿಗೆ ಕಟ್ಟಿಹಾಕಿದೆ. ಮೋಟಾರು ಇರುವುದರಿಂದ ಎದ್ದು ನಿಲ್ಲುವ ಅಗತ್ಯವೇ ಬೀಳುವುದಿಲ್ಲ, ಕೂತು ತುಳಿಯುವಾಗ ನನ್ನ ಕಾಲಿನದು 50 ಎಂದುಕೊಳ್ಳಿ. ಒಟ್ಟು 90, ಹಬ್ಬಿಗೆ ಹೋಗುವುದು ಸುಮಾರು 37. ಮೋಟಾರಿಲ್ಲದೆ ಎದುರುಗಾಳಿಯಲ್ಲಿ ಎದ್ದು ನಿಂತು ತುಳಿಯುತ್ತಿದ್ದಾಗಿನ 60ಕ್ಕಿಂತ ಇದು ಕಡಿಮೆ.

ಬೆಂಗಳೂರು ಅಕ್ಕ: ಲೆಕ್ಕ ಸರಿಯಿದೆ. ಹಾಗಾದರೆ ಗೇರು ಮುರಿಯುವುದು ಯಾವಾಗ?

ನಾನು: ಗೇರು ಬದಲಿಸುವ ಗಳಿಗೆಯಲ್ಲಿ. ಕಾಲಿನ ತುಳಿತದಲ್ಲಿ ಒಂದು ಲಯವಿದೆ. ಪೆಡಲು ಮೇಲಿನ ತುದಿಗೂ ಕೆಳಗಿನ ತುದಿಗೂ ಬಂದಾಗ ಬಲ ಹೆಚ್ಚುಕಡಿಮೆ ಶೂನ್ಯವಾಗುತ್ತದೆ, ಆ ಬಿಡುವಿನಲ್ಲಿ ಒಳಗಿನ ಕೊಕ್ಕೆಗಳು ಒಂದು ಗೇರನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತವೆ. ಮೋಟಾರಿಗೆ ಆ ಬಿಡುವಿಲ್ಲ. ನಾವು ತುಳಿಯುವುದನ್ನು ನಿಲ್ಲಿಸಿದ ಮೇಲೂ ಕೆಲವು ಮೋಟಾರುಗಳು ಕ್ಷಣಕಾಲ ತಳ್ಳುತ್ತಲೇ ಇರುತ್ತವೆ. ಮೊದಲ ವಾರ ಕಾಲುವೆಯ ಸೇತುವೆ ಏರುವಾಗ ಅವಸರದಲ್ಲಿ ಗೇರು ಇಳಿಸಿದೆ. ಕಟಕ್ ಎಂದು ಬಂದ ಸದ್ದು ಹಿಮ್ಮಡಿಯವರೆಗೆ ತಟ್ಟಿತು. ಮರುದಿನವೇ ಗೇರ್ ಸೆನ್ಸರ್ ತರಿಸಿದೆ. ಬೆರಳ ಗಾತ್ರದ ಆ ಡಬ್ಬಿಯೊಳಗೆ ಗೇರಿನ ಕೇಬಲ್ ಹಾದುಹೋಗುತ್ತದೆ. ಕೇಬಲ್ ಕದಲಿದ ಕೂಡಲೇ ಅದು ಮೋಟಾರನ್ನು ಕ್ಷಣಮಾತ್ರ ನಿಲ್ಲಿಸುತ್ತದೆ. ಆ ಹೊತ್ತಿಗೆ ನಾನು ಕಾಲನ್ನೂ ಹಗುರ ಮಾಡುತ್ತೇನೆ. ಆಮೇಲೆ ಆ ಸದ್ದು ಬಂದಿಲ್ಲ.

ಸಾಗರದ ದೊಡ್ಡಪ್ಪ: ಇಷ್ಟೆಲ್ಲ ಪಾಡು ಏಕೆ? ಹೊಸ ವಿದ್ಯುತ್ ಸೈಕಲ್ಲನ್ನೇ ಕೊಳ್ಳಬಹುದಿತ್ತು. ಪೊಲೀಸರ ತೊಂದರೆಯೂ ಇರುವುದಿಲ್ಲ.

ನಾನು: ದೊಡ್ಡಪ್ಪ, ಈ ಚೌಕಟ್ಟು ಗಟ್ಟಿಯಾಗಿದೆ, ಇನ್ನೂ ಬಹಳ ವರ್ಷ ಬಾಳುತ್ತದೆ. ಗೇರು ಹಬ್ಬಿನೊಳಗೆ ಮುಚ್ಚಿಕೊಂಡಿರುವುದರಿಂದ ಇಲ್ಲಿನ ಮಳೆಯೂ ಚಳಿಗಾಲದಲ್ಲಿ ರಸ್ತೆಗೆ ಎರಚುವ ಉಪ್ಪೂ ಅದನ್ನು ಮುಟ್ಟುವುದಿಲ್ಲ. ಸಿಗ್ನಲ್ಲಿನಲ್ಲಿ ನಿಂತಲ್ಲಿಯೇ ಗೇರು ಇಳಿಸಬಹುದು. ಹಿಂದಿನ ಚಕ್ರದ ನಡುವೆ ಈಗಾಗಲೇ ಗೇರು ಇರುವುದರಿಂದ ಮೋಟಾರಿಗೆ ಉಳಿದ ಜಾಗ ಮುಂದಿನ ಚಕ್ರ, ಇಲ್ಲವೇ ಪೆಡಲುಗಳ ನಡುವೆ. ನಡುವೆ ಕೂರಿಸಿದರೆ ಮೋಟಾರೂ ನಮ್ಮ ಕಾಲಿನಂತೆಯೇ ಗೇರುಗಳ ಲಾಭ ಪಡೆಯುತ್ತದೆ, ಅದಕ್ಕೇ ಅದನ್ನು ಆರಿಸಿದೆ.

ಕಾನೂನಿನ ಮಾತಿಗೆ ಬಂದರೆ, ಯುರೋಪಿನಲ್ಲಿ ಸೈಕಲ್ ಎನಿಸಿಕೊಳ್ಳಬೇಕಾದರೆ ಮೋಟಾರು 250 ವ್ಯಾಟ್ ಮೀರಬಾರದು, ಗಂಟೆಗೆ 25 ಕಿಲೋಮೀಟರ್ ದಾಟಿದಾಗ ಸಹಾಯ ನಿಲ್ಲಬೇಕು, ತುಳಿಯುತ್ತಿರುವಾಗ ಮಾತ್ರ ತಳ್ಳಬೇಕು. ಮಾರುಕಟ್ಟೆಯಲ್ಲಿ ಸಿಗುವ 750 ವ್ಯಾಟಿನ ಕಿಟ್ ಹಾಕಿದರೆ ಅದು ಸೈಕಲ್ಲಲ್ಲ, ಮೊಪೆಡ್ಡಿನ ಸಾಲಿಗೆ ಸೇರುತ್ತದೆ. ನನ್ನದು 250ರದ್ದೇ. ಅಲ್ಲಿ ಭಾರತದ ನಿಯಮದಲ್ಲೂ ನೋಂದಣಿ ಬೇಡದ ಗಾಡಿಗೆ ಮಿತಿ 250 ವ್ಯಾಟ್ ಮತ್ತು 25 ಕಿಲೋಮೀಟರೇ. ಕಾಲಿಗೆ ಕೆಲಸ ಇದ್ದೇ ಇದೆ ದೊಡ್ಡಪ್ಪ. ತುಳಿಯದಿದ್ದರೆ ಇದು ಮುಂದಕ್ಕೆ ಹೋಗುವುದಿಲ್ಲ. ಆಫೀಸು ಒಂದು ಕಡೆಗೆ 14 ಕಿಲೋಮೀಟರ್. ಮುಂಚೆ ಎದುರುಗಾಳಿ ಇದ್ದ ದಿನ ಬಸ್ಸು ಹತ್ತುತ್ತಿದ್ದೆ, ಈಗ ದಿನವೂ ತುಳಿಯುತ್ತೇನೆ.

ಧಾರವಾಡದ ಅತ್ತೆ: ಬ್ರೇಕು?

ನಾನು: ಅತ್ತೆ, ಕೇಳಲೇಬೇಕಾದ ಪ್ರಶ್ನೆಯನ್ನು ನೀವು ಕೇಳಿದಿರಿ. ಇಲ್ಲಿ ಬಹಳಷ್ಟು ಸೈಕಲ್ಲುಗಳಲ್ಲಿ ಪೆಡಲನ್ನು ಹಿಂದಕ್ಕೆ ತುಳಿದರೆ ಬ್ರೇಕು ಬೀಳುತ್ತದೆ. ನಡುವೆ ಕೂರುವ ಮೋಟಾರುಗಳಲ್ಲಿ ಹೆಚ್ಚಿನವಕ್ಕೆ ಒಳಗೆ ತಮ್ಮದೇ ಫ್ರೀವೀಲ್, ಅಂದರೆ ಒಂದೇ ದಿಕ್ಕಿಗೆ ಹಿಡಿಯುವ ಚಕ್ರ, ಇರುತ್ತದೆ, ಆದ್ದರಿಂದ ಹಿಂದಕ್ಕೆ ತುಳಿದರೆ ಪೆಡಲು ಮಾತ್ರ ತಿರುಗುತ್ತದೆ, ಚೈನು ಕದಲುವುದಿಲ್ಲ, ಬ್ರೇಕು ಬೀಳುವುದಿಲ್ಲ. ಇದನ್ನು ತಿಳಿಯದೆ ಹಾಕಿಸಿದವರಿಗೆ ಮೊದಲ ಇಳಿಜಾರಿನಲ್ಲಿಯೇ ಅಪಾಯ. ಆ ಫಾರ್ವರ್ಡಿನಲ್ಲಿ ಎಚ್ಚರಿಸಬೇಕಾಗಿದ್ದದ್ದು ಇದನ್ನು, ಅದರ ಸುಳಿವೇ ಅಲ್ಲಿಲ್ಲ. ನನ್ನ ಸೈಕಲ್ಲಿನಲ್ಲಿ ಎರಡೂ ಬ್ರೇಕುಗಳು ಕೈಯವು, ಹಿಡಿಯನ್ನು ಅದುಮಿದ ಕೂಡಲೇ ಮೋಟಾರು ನಿಲ್ಲುತ್ತದೆ.

ಸಾಗರದ ದೊಡ್ಡಪ್ಪ: ಸರಿ. ಮಳೆಯಲ್ಲಿ ನಿಧಾನವಾಗಿ ಹೋಗು.

ದೊಡ್ಡಪ್ಪನ ಮಗ ಅಣ್ಣ: ಅಜ್ಜನ ಸೈಕಲ್ಲಿನ ಹಿಂದಿನ ಚಕ್ರ ಇನ್ನೂ ನಮ್ಮ ಅಟ್ಟದ ಮೇಲಿದೆ. ಸನ್ನೆಯೂ ಕೇಬಲೂ ಅದಕ್ಕೇ ಸುತ್ತಿಕೊಂಡಿವೆ.

ಧಾರವಾಡದ ಅತ್ತೆ: ಅಪ್ಪ ಬಿದ್ದ ಮೇಲೆ ಅದನ್ನು ಯಾರೂ ಮುಟ್ಟಿಲ್ಲ. ತಮ್ಮ, ಹಬ್ಬಕ್ಕೆ ಸಾಗರಕ್ಕೆ ಬರುತ್ತೀಯಲ್ಲ, ಇಬ್ಬರೂ ಅಟ್ಟ ಹತ್ತೋಣ. ಆ ತಿರುಪು ಎಷ್ಟು ಸಡಿಲವಾಗಿದೆಯೆಂದು ನಾನೇ ಕಣ್ಣಾರೆ ನೋಡಬೇಕು.

ಮೈಸೂರು ಚಿಕ್ಕಪ್ಪ: ಬರುತ್ತೇನೆ ಅಕ್ಕ. ಚಿಮಟವನ್ನೂ ಎಣ್ಣೆಯ ಬುಡ್ಡಿಯನ್ನೂ ನಾನೇ ತರುತ್ತೇನೆ.