ದೊಡ್ಡಾಟಕ್ಕ ಹಳೇ ಗ್ಯಾಸ್ ಬತ್ತಿ: ಮ್ಯಾಂಟಲ್ ಯಾಕ ಕರ್ರಗಾಗ್ತೈತಿ?

ಗದಗ ಮೇಳ: ಈ ಸಲ ದೊಡ್ಡಾಟಕ್ಕ ಗ್ಯಾಸ್ ಬತ್ತಿನs ಬೇಕು ಅಂತ ಹಿರ್ಯಾರ ಹಟ. 500 ಕ್ಯಾಂಡಲ್‌ನ ಪೆಟ್ರೋಮ್ಯಾಕ್ಸ್ ಮಾದರಿ ಐತಿ. ಚಾವಿ ತಿರುವಿದ ಕೂಡ್ಲೆ ಹಳದಿ ಉರಿ ಭಗ್ಗಂತ ಏಳ್ತೈತಿ, ಮ್ಯಾಂಟಲ್ (ಉರಿಯಾಗ ಕಾದು ಹೊಳಿಯೂ ಜಾಳಿಗಿ) ಮಸಿ ಹಿಡಿತೈತಿ. ಹೊಸಾದು ಕಟ್ಟಿದ್ರೂ ಅಷ್ಟ. ಹಂಗs ಇನ್ನೊಂದು: ಮುಂಬೈ ಗ್ಯಾಸ್ ಕಂಪನಿ ಬೀದಿದೀಪ ಶುರುವಾದಾಗ ಇದs ಮ್ಯಾಂಟಲ್ ಇತ್ತೇನ್ರಿ?

ಹುಬ್ಬಳ್ಳಿ ಮಿಸ್ತ್ರಿ: ಮ್ಯಾಂಟಲ್‌ದು ತಪ್ಪಿಲ್ರಿ. ಎಣ್ಣಿ ಆವಿ ಮಾಡೂ ಕೊಳವಿ ಕಾಯೂಕಿಂತ ಮೊದಲ ಎಣ್ಣಿ ಬಿಟ್ಟೀರಿ. ಚಿಮಣಿ ಎಣ್ಣಿ ಆವಿ ಆಗದ ಹಸೀದs ಚಿಮ್ಮಿ ಉರಿತೈತಿ. ಟಾಕಿ ಒತ್ತಡ ಬಿಡೂ ಗಾಳಿ ಸ್ಕ್ರೂ ಸಡಿಲ ಬಿಟ್ಟು, ಕೊಳವಿ ಬುಡದ ಬಟ್ಟಲ ತುಂಬ ಸ್ಪಿರಿಟ್ ಹಾಕಿ ಹಚ್ರಿ. ಒಂದೂವರಿ ನಿಮಿಷರ ಉರೀಲಿ. ಇನ್ನೇನು ಆರಬೇಕು ಅನ್ನೂವಾಗ ಸ್ಕ್ರೂ ಬಿಗದು, ಪಂಪ್ ಹೊಡದು, ಚಾವಿ ತಿರುವ್ರಿ. ಬೆಳಕು ನಿಂತ ಮ್ಯಾಲೆ ಒತ್ತಡದ ಮೀಟರಿನ ಕೆಂಪು ಗೆರಿತನ ಪಂಪ್ ಹೊಡೀರಿ. ಮಸಿ ಹಿಡದ ಮ್ಯಾಂಟಲ್ ಹರಿದಿಲ್ಲಂದ್ರ ಒಗೀಬ್ಯಾಡ್ರಿ, ಒತ್ತಡ ಏರಿದ್ರ ಮಸಿ ತಾನs ಸುಟ್ಟು ಹೋಗ್ತೈತಿ.

ಇಷ್ಟಾದ್ರೂ ಹಳದಿ ಇದ್ರ ನಿಪ್ಪಲ್ (ಆವಿ ಚಿಮ್ಮೂ ಸಣ್ಣ ತೂತಿನ ತುದಿ) ನೋಡ್ರಿ. ತೂತು ಸವೆದು ದೊಡ್ಡದಾಗಿದ್ರ ಪಿನ್ ಹಾಕಿ ತಿಕ್ಕಿ ಉಪಯೋಗಿಲ್ಲ, ಬದಲಿಸಬೇಕು. ಗಾಳಿ ಎಳಕೊಳ್ಳೂ ಕೊಳವಿಯಾಗ ಜ್ಯಾಡ ಕಟ್ಟಿರ್ತಾವ, ಅದನ್ನೂ ಊದಿ ಸ್ವಚ್ಛ ಮಾಡ್ರಿ. ಪಂಪ್ ಒತ್ತಿದ್ರ ಬಿಗಿ ಹತ್ತಲಿಲ್ಲಂದ್ರ ಚರ್ಮದ ವಾಶರ್ ಒಣಗೇತಿ, ಎರಡು ಹನಿ ಎಣ್ಣಿ ಸಾಕು.

ಧಾರವಾಡದ ಓದುಗ: ಇಲ್ಲ, ಮುಂಬೈ ಬೀದಿದೀಪ ಶುರುವಾದಾಗ ಮ್ಯಾಂಟಲ್ ಇರಲಿಲ್ಲ. ಕೋಲ್ಕತ್ತದಲ್ಲಿ 1857ರಲ್ಲಿ, ಮುಂಬೈಯಲ್ಲಿ 1865ರಲ್ಲಿ ಗ್ಯಾಸ್ ಬೀದಿದೀಪ ಬಂದವು. ವಿಯೆನ್ನಾದ ಕಾರ್ಲ್ ಆವರ್ ಮ್ಯಾಂಟಲ್‌ಗೆ ಪೇಟೆಂಟ್ ಪಡೆದದ್ದು 1885ರಲ್ಲಿ. ಕಂಪನಿಗಳು ಗಾಳಿಯಾಡದ ರಿಟಾರ್ಟ್‌ನಲ್ಲಿ (ಮುಚ್ಚಿದ ಪಾತ್ರೆಯಲ್ಲಿ) ಕಲ್ಲಿದ್ದಲು ಕಾಯಿಸಿ, ಡಾಂಬರು, ಅಮೋನಿಯಾ ಬೇರ್ಪಡಿಸಿ, ಗಂಧಕದ ಅಂಶವನ್ನು ಸುಣ್ಣದಲ್ಲಿ ಹಿಡಿದು, ಉಳಿದ ಅನಿಲವನ್ನು ನೀರಿನ ಮೇಲೆ ತೇಲುವ ದೊಡ್ಡ ಡ್ರಮ್ಮಿನಲ್ಲಿ ಕೂಡಿಡುತ್ತಿದ್ದವು. ರಿಟಾರ್ಟ್‌ನಲ್ಲಿ ಉಳಿದ ಕೋಕ್ ಕೂಡ ಮಾರಾಟಕ್ಕೆ. ಆಗ ಬೆಳಕು ಕೊಡುತ್ತಿದ್ದದ್ದು ಬರೀ ಹಳದಿ ಉರಿ, ಅಂದರೆ ಅದರಲ್ಲಿ ಕಾದು ಹೊಳೆಯುವ ಮಸಿಯ ಕಣಗಳು. ಮ್ಯಾಂಟಲ್ ಬಂದ ಮೇಲೆ ಲೆಕ್ಕ ತಿರುಗಿತು: ಗಾಳಿ ಬೆರೆತ ನೀಲಿ ಉರಿ ಬೇಕು, ಹೊಳೆಯುವುದು 99 ಪಾಲು ಥೋರಿಯಂ, 1 ಪಾಲು ಸೀರಿಯಂ ಆಕ್ಸೈಡಿನ ಜಾಳಿಗೆ. ಮೊದಲಿನ ದೀಪಕ್ಕೆ ಬೇಕಾಗಿದ್ದ ಮಸಿಯೇ ನಿಮ್ಮ ಬತ್ತಿಗೆ ರೋಗ.

ಹಾವೇರಿ: ಥೋರಿಯಂ ಮ್ಯಾಂಟಲ್ ಇದ್ರ ಅದರ ಬೂದಿ ಊದಬ್ಯಾಡ್ರಿ, ಸ್ವಲ್ಪ ವಿಕಿರಣ ಇರ್ತೈತಿ; ಒದ್ದಿ ಅರಿವಿಲೆ ಒರಸ್ರಿ. ತೂತು ಬಿದ್ದ ಮ್ಯಾಂಟಲ್ ಉರಸಿದ್ರ ಉರಿ ನೇರ ಗಾಜಿಗೆ ಹೊಡದು ಗಾಜು ಸೀಳ್ತೈತಿ. ಪೆಟ್ರೋಲ್ ಒಂದು ಹನಿನೂ ಬೆರಸಬ್ಯಾಡ್ರಿ. ಒಂದು ಲೀಟರ್ ಎಣ್ಣಿ ಸುಮಾರು 8 ತಾಸು ಬರ್ತೈತಿ, ನಡುನಡುವೆ ಪಂಪ್ ಹೊಡೀಬೇಕಷ್ಟ. ಬೆಳಗಾಗೂತನ ಆಟ ಇದ್ರ ಎರಡನೇ ಬತ್ತಿ ತಯಾರಿಡ್ರಿ, ಬಿಸಿ ಟಾಕಿಗೆ ಎಣ್ಣಿ ಸುರಿಯೂ ಪ್ರಸಂಗ ಬರಬಾರ್ದು.