ಹನಿಈಟರ್ ಹಕ್ಕಿಗೂ ಹನಿ ಪಾಸಮ್‌ಗೂ ಒಂದೇ ಉಪಚಾರನಾ? (ವೆಟ್ ಡಾಕ್ಟರನ್ನ ಕೇಳಿ, ಪಶ್ಚಿಮ ಆಸ್ಟ್ರೇಲಿಯಾ ಕನ್ನಡಿಗರು)

ಆಲ್ಬನಿ ಸದಸ್ಯೆ: ಮೇಡಂ, ಬೆಳಿಗ್ಗೆ ಬ್ಯಾಂಕ್ಸಿಯಾ ಗಿಡದ ಬುಡದಲ್ಲಿ ಹೆಬ್ಬೆರಳಷ್ಟು ಪ್ರಾಣಿ ಬಿದ್ದಿತ್ತು, ಉದ್ದ ಮೂತಿ, ಬೆನ್ನ ಮೇಲೆ ಕಪ್ಪು ಪಟ್ಟೆ, ಮೈಯೆಲ್ಲಾ ತಣ್ಣಗಿದೆ. ಫೋಟೋ ಹೋಲಿಸಿ ನೋಡಿದ್ರೆ ಹನಿ ಪಾಸಮ್, ಇಲ್ಲಿನ ಹೊಟ್ಟೆಚೀಲದ ಪುಟ್ಟ ಪ್ರಾಣಿ. ಮೊನ್ನೆ ಹನಿಈಟರ್ ಮರಿ ಬಿದ್ದಿದ್ದಾಗ ಕೊಂಬೆ ಮೇಲೆ ಕೂರ್ಸಿ ದೂರ ಬನ್ನಿ ಅಂದ್ರಿ, ಇದಕ್ಕೂ ಹಾಗೇನಾ? ಎರಡೂ ಮಕರಂದ ಕುಡಿಯೋವು ತಾನೆ? ಅಥವಾ ಸತ್ತೇಹೋಯ್ತಾ?

ಡಾಕ್ಟರ್: ಸತ್ತಿದೆ ಅಂತ ಹೂತುಬಿಡ್ಬೇಡಿ!! ಚಳಿ ಜಾಸ್ತಿ ಆಗಿ ಹೂವು ಕಮ್ಮಿ ಇದ್ರೆ ಹನಿ ಪಾಸಮ್ ಟಾರ್ಪರ್‌ಗೆ ಹೋಗುತ್ತೆ, ಅಂದ್ರೆ ಶಕ್ತಿ ಉಳಿಸೋಕೆ ಮೈ ತಣ್ಣಗೆ ಮಾಡ್ಕೊಂಡು ಜಡವಾಗಿ ಬಿದ್ದಿರುತ್ತೆ, ಮೈ ಬಿಸಿ 5 ಡಿಗ್ರಿವರೆಗೂ ಇಳಿಯುತ್ತೆ, ಉಸಿರಾಟ ಕಣ್ಣಿಗೆ ಕಾಣೋದೂ ಕಷ್ಟ. ಅದೇ ಹನಿಈಟರ್ ಇಷ್ಟು ತಣ್ಣಗೆ ಸಿಕ್ರೆ ಸಾಯೋ ಸ್ಥಿತಿಯಲ್ಲಿದೆ ಅಂತಲೇ ಅರ್ಥ. ಇಬ್ಬರೂ ಒಂದೇ ಬ್ಯಾಂಕ್ಸಿಯಾ ಹೂವಿಗೆ ಬರ್ತಾರೆ, ಇಬ್ಬರ ನಾಲಿಗೆ ತುದೀಲೂ ಬ್ರಷ್ ಇದೆ, ಹೋಲಿಕೆ ಅಲ್ಲಿಗೆ ಮುಗೀತು. ಹಕ್ಕಿ ಪ್ರೋಟೀನ್‌ಗೆ ಹುಳ ಹಿಡಿಯುತ್ತೆ, ಮರಿಗೂ ಹುಳ ಗುಟುಕು ಕೊಡುತ್ತೆ, ಗೂಡಿಂದ ಬಿದ್ದ ಮರಿಗೆ ಅಪ್ಪ ಅಮ್ಮ ಇಬ್ರೂ ಬಂದು ತಿನ್ನಿಸ್ತಾರೆ, ಅದಕ್ಕೇ ಅಲ್ಲೇ ಬಿಡಿ ಅಂದಿದ್ದು. ಪಾಸಮ್‌ಗೆ ಪ್ರೋಟೀನ್ ಪೂರ್ತಿ ಪರಾಗದಿಂದಲೇ. ಅದರ ಮರಿ ಹುಟ್ಟುವಾಗ ಬರೀ 5 ಮಿಲಿಗ್ರಾಂ, ಸುಮಾರು ಎರಡು ತಿಂಗಳು ಅಮ್ಮನ ಹೊಟ್ಟೆಚೀಲದಲ್ಲೇ ಹಾಲು ಕುಡೀಬೇಕು. ನಿಮಗೆ ಸಿಕ್ಕಿದ್ದು ಹೆಣ್ಣಾದ್ರೆ ಚೀಲದಲ್ಲಿ ಮರಿ ಇರಬಹುದು, ಬಿಡಿಸಿ ನೋಡೋಕೆ ಹೋಗ್ಬೇಡಿ. ರಟ್ಟಿನ ಡಬ್ಬಕ್ಕೆ ಬಟ್ಟೆ ಹಾಸಿ ಮಲಗ್ಸಿ, ಬಿಸಿನೀರು ಬಾಟ್ಲಿಗೆ ಟವೆಲ್ ಸುತ್ತಿ ಒಂದೇ ಪಕ್ಕಕ್ಕಿಡಿ, ನಿಧಾನಕ್ಕೆ ಬೆಚ್ಚಗಾಗ್ಲಿ. ಬಾಯಿಗೆ ಏನೂ ಹಾಕ್ಬೇಡಿ, ತಣ್ಣಗಿರೋವಾಗ ಹಾಕಿದ್ದು ಶ್ವಾಸಕೋಶಕ್ಕೆ ಹೋಗುತ್ತೆ. ಈಗಲೇ ಕಾಡುಪ್ರಾಣಿಗಳಿಗೆ ನೆರವಾಗೋ ವೈಲ್ಡ್‌ಕೇರ್ ಹೆಲ್ಪ್‌ಲೈನ್‌ಗೆ ಫೋನ್ ಮಾಡಿ. ಬೆಕ್ಕು ಕಚ್ಚಿತ್ತಾ?

ಸದಸ್ಯ 2: ಫಾರ್ವರ್ಡ್ ಬಂದಿತ್ತು, ಬೆಚ್ಚಗಿನ ಹಾಲು, ಜೇನುತುಪ್ಪ, ಚಿಟಿಕೆ ಅರಿಶಿನ. ಹಕ್ಕಿ ಪ್ರಾಣಿ ಎಲ್ಲದಕ್ಕೂ ಆಗುತ್ತಂತೆ.

ಡಾಕ್ಟರ್: ದಯವಿಟ್ಟು ಅದನ್ನ ಡಿಲೀಟ್ ಮಾಡಿ. ಹಕ್ಕಿಗೆ ಹಾಲು ಅರಗೋದೇ ಇಲ್ಲ, ಹೊಟ್ಟೆಚೀಲದ ಪ್ರಾಣಿಗೆ ಹಸುವಿನ ಹಾಲು ಕೊಟ್ರೆ ಭೇದಿ ಆಗಿ ಸಾಯುತ್ತೆ.

ಸದಸ್ಯ 3: ಸ್ವಲ್ಪ ಹಾಲು ಕೊಟ್ರೂ ತೊಂದ್ರೇನಾ?

ಡಾಕ್ಟರ್: ಹೌದು. ಮೇಲೆ ಓದಿ.

ಸದಸ್ಯೆ 4: ಮನುಷ್ಯರು ಮುಟ್ಟಿದ ಮರೀನ ತಾಯಿ ಹಕ್ಕಿ ಸೇರ್ಸಲ್ಲ ಅಲ್ವಾ?

ಡಾಕ್ಟರ್: ಸೇರ್ಸುತ್ತೆ.

ಆಲ್ಬನಿ ಸದಸ್ಯೆ: ಪಕ್ಕದ್ಮನೆ ಬೆಕ್ಕು ಅಲ್ಲೇ ಓಡಾಡ್ತಿತ್ತು ಮೇಡಂ, ಗಾಯ ಕಾಣ್ತಿಲ್ಲ.

ಡಾಕ್ಟರ್: ಕಾಣದಿದ್ರೂ ಇವತ್ತೇ ವೆಟ್ ಹತ್ರ ಹೋಗಿ. ಅದು ಸಾಯೋಕೆ ಬೆಕ್ಕಿನ ಎಂಜಲಿನ ಬ್ಯಾಕ್ಟೀರಿಯಾ ಸಾಕು, ಆಂಟಿಬಯೋಟಿಕ್ ಬೇಕೇ ಬೇಕು.

ಸದಸ್ಯ 2: ಎಲ್ಲದಕ್ಕೂ ಬೆಕ್ಕನ್ನೇ ಬೈತೀರ. ನಮ್ಮ ಬೆಕ್ಕು ಏನೂ ಮಾಡಲ್ಲ.

ಸದಸ್ಯೆ 4: ರಾತ್ರಿ ಹೊರಗೆ ಬಿಟ್ಟು ಮಲಗೋರಿಗೆ ಹೇಗ್ರೀ ಗೊತ್ತಾಗುತ್ತೆ?

ಸದಸ್ಯ 2: ನೀವು ನಮ್ಮನೆಗೆ ಬಂದು ನೋಡಿದೀರಾ?

ಸದಸ್ಯ 5: ನಮ್ಮೂರ ಸೂರಕ್ಕಿನೂ ಮಕರಂದ ಕುಡಿಯುತ್ತಲ್ಲ, ಅದೂ ಚಳೀಲಿ ಹೀಗಾಗುತ್ತಾ ಮೇಡಂ?

ಸದಸ್ಯ 3: ಹನಿ ಪಾಸಮ್ ಮನೇಲಿ ಸಾಕ್ಬಹುದಾ?

ಡಾಕ್ಟರ್: ಇಲ್ಲ. ಲೈಸೆನ್ಸ್ ಬೇಕು. ಬೆಕ್ಕಿನ ಜಗಳ ಇನ್ನೆಲ್ಲಾದ್ರೂ ಮಾಡ್ಕೊಳ್ಳಿ. ಆಲ್ಬನಿಯವರೇ, ಹೆಲ್ಪ್‌ಲೈನ್‌ಗೆ ಫೋನ್ ಮಾಡಿದ್ರಾ ಇಲ್ವಾ, ಅಷ್ಟು ಹೇಳಿ.