ಕುಚ್ಚಲಕ್ಕಿ, ಬಂಗುಡೆ, ಮೊಟ್ಟೆ ತಿಂದೇ ಮೈ ಕಟ್ಟಲು ಆಗ್ತದಾ? ಲೆಕ್ಕ ಹೇಳಿ

ಬದಿಯಡ್ಕ ಹುಡುಗ:
ಪ್ರಾಯ 23, ಎತ್ತರ 174 ಸೆಂ.ಮೀ., ತೂಕ 62 ಕೆ.ಜಿ. ವಾರಕ್ಕೆ 4 ದಿನ ಸಂಜೆ ಜಿಮ್, ಹಗಲು ಅಂಗಡಿಯಲ್ಲಿ ನಿಂತೇ ಕೆಲಸ. ತೂಕ ಇದ್ದಲ್ಲೇ ಉಂಟು. ಈಗಿನ ಊಟ: ಬೆಳಗ್ಗೆ 6 ನೀರುದೋಸೆ, ಕಾಯಿ ಚಟ್ನಿ. ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಸಾಂಬಾರು, ಮೀನು ತಂದ ದಿನ ಒಂದು ಬಂಗುಡೆ. ಸಂಜೆ ಚಾ, ಗೋಳಿಬಜೆ. ರಾತ್ರಿ ಗಂಜಿ, ಉಪ್ಪಿನಕಾಯಿ. ಜಿಮ್ಮಿನವರು ಮಾಸ್ ಗೇನರ್ (ತೂಕ ಏರಿಸುವ ಡಬ್ಬಿ ಪುಡಿ) ತಗೋ ಅಂತಾರೆ. ಮನೆ ಅಡುಗೆಯಲ್ಲೇ ಆಗುವುದಾದರೆ ಹೇಗೆ ಅಂತ ಹೇಳಿ ಅಣ್ಣಂದಿರೇ. ಓಟ್ಸ್, ಬ್ರಾಕೊಲಿ ಪಟ್ಟಿ ಬೇಡ.

ಕುಂಬಳೆ ಬಾರ್‌ಬೆಲ್:
ಆಗ್ತದೆ ಮಾರಾಯ. ನಿನ್ನ ಊಟ ಕಮ್ಮಿ ಅಲ್ಲ, ಅದರಲ್ಲಿ ಅಕ್ಕಿಯೇ ಹೆಚ್ಚು. ಬೆಳಗ್ಗೆ ಅಕ್ಕಿ, ಮಧ್ಯಾಹ್ನ ಅಕ್ಕಿ, ರಾತ್ರಿ ಅಕ್ಕಿ. ಅಂದಾಜು ಹಾಕಿದರೆ ದಿನಕ್ಕೆ 2400 ಕ್ಯಾಲರಿ ಆಗ್ತದೆ, ತೂಕ ನಿಂತಿರುವುದಕ್ಕೂ ಅದಕ್ಕೂ ಸರಿ ಹೊಂದುತ್ತದೆ. ಪ್ರೋಟೀನ್ ಮಾತ್ರ ಮೀನಿದ್ದ ದಿನ 65 ಗ್ರಾಂ, ಇಲ್ಲದ ದಿನ 50ರ ಹತ್ತಿರ. ಭಾರ ಎತ್ತುವವನಿಗೆ ದೇಹತೂಕದ ಪ್ರತಿ ಕೆ.ಜಿ.ಗೆ 1.6ರಿಂದ 2 ಗ್ರಾಂ ಬೇಕು. ನಿನ್ನ ಲೆಕ್ಕಕ್ಕೆ 100ರಿಂದ 125. ಕ್ಯಾಲರಿ ಈಗಿನದಕ್ಕಿಂತ 300 ಜಾಸ್ತಿ ಸಾಕು. 1000 ಏರಿಸಿದರೆ ಹೊಟ್ಟೆ ಬರ್ತದೆ, ತೋಳು ಬರುವುದಿಲ್ಲ.

ಬೆಳಗ್ಗೆ ದೋಸೆ 4ಕ್ಕೆ ಇಳಿಸಿ 3 ಇಡೀ ಮೊಟ್ಟೆ ಸೇರಿಸು. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಅದರಲ್ಲಿ ಅರ್ಧದ ಹತ್ತಿರ ಹಳದಿಯಲ್ಲೇ ಇರುವುದು, ಬಿಸಾಡಬೇಡ. ಹಸಿ ಮೊಟ್ಟೆ ಕುಡಿಯುವ ಶೂರತನ ಬೇಡ. ಬೇಯಿಸಿದ ಮೊಟ್ಟೆಯ ಪ್ರೋಟೀನ್ 90% ಜೀರ್ಣವಾದರೆ ಹಸಿಯದು ಅರ್ಧದಷ್ಟೇ, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಭಯ ಬೇರೆ.

ಮಧ್ಯಾಹ್ನ 150 ಗ್ರಾಂ ಅಕ್ಕಿಯ ಅನ್ನ, ಸಾಂಬಾರು, ಮಧ್ಯಮ ಗಾತ್ರದ ಎರಡು ಬಂಗುಡೆ ಅಥವಾ ಅಷ್ಟೇ ತೂಕದ ಬೂತಾಯಿ. ಮುಳ್ಳು, ತಲೆ ಕಳೆದು 150 ಗ್ರಾಂ ಮಾಂಸ ಸಿಕ್ಕರೆ 30 ಗ್ರಾಂ ಪ್ರೋಟೀನ್ ಆಯಿತು. ಪುಳಿಮುಂಚಿ (ಹುಳಿ-ಮೆಣಸಿನ ಸಾರು) ಮಾಡಿದರೆ ಎಣ್ಣೆ ಲೆಕ್ಕದಲ್ಲಿರ್ತದೆ. ಫ್ರೈ ಮಾಡಿದರೆ ಒಂದು ದೊಡ್ಡ ಚಮಚ ತೆಂಗಿನೆಣ್ಣೆಗೆ 120 ಕ್ಯಾಲರಿ, ಕಾವಲಿಗೆ ಸುರಿಯುವಾಗ ಅದು ಯಾರಿಗೂ ನೆನಪಿರುವುದಿಲ್ಲ.

ಸಂಜೆ ಗೋಳಿಬಜೆ ಬಿಡು. 50 ಗ್ರಾಂ (ಒಣ ತೂಕ) ಕಡಲೆ ಬೇಯಿಸಿದ್ದು, ಒಂದು ನೇಂದ್ರ ಬಾಳೆಹಣ್ಣು. ಚಾ ಒಂದೇ ಸಾಕು. ರಾತ್ರಿ ಗಂಜಿ ಬಿಡಬೇಕಾಗಿಲ್ಲ. 100 ಗ್ರಾಂ ಅಕ್ಕಿಯ ಗಂಜಿಗೆ 50 ಗ್ರಾಂ ಹೆಸರುಕಾಳು ಬೇಯಿಸಿ ಒಗ್ಗರಣೆ ಹಾಕಿ ಸೇರಿಸು. ನಮ್ಮಲ್ಲಿ ಗಂಜಿ-ಪಯರು ಉಣ್ಣುವುದು ಸುಮ್ಮನೆ ಅಲ್ಲ, ಅಕ್ಕಿಯಲ್ಲಿ ಕಮ್ಮಿ ಇರುವ ಲೈಸಿನ್ ಎಂಬ ಪ್ರೋಟೀನಿನ ಅಂಶ ಕಾಳಿನಲ್ಲಿ ಉಂಟು. ಜೊತೆಗೆ ಒಂದು ಬಟ್ಟಲು ಮೊಸರು. ಮಲಗುವಾಗ 250 ಮಿ.ಲೀ. ಹಾಲು. ಒಟ್ಟು 2700 ಕ್ಯಾಲರಿ, 115 ಗ್ರಾಂ ಪ್ರೋಟೀನ್ ಆಸುಪಾಸು ಬರ್ತದೆ.

ತಕ್ಕಡಿ ಮಾಸ್ಟ್ರು:
ಮೇಲಿನ ಲೆಕ್ಕ ಸರಿ, ಒಂದು ಕಡೆ ಎಲ್ಲರೂ ಎಡವುತ್ತಾರೆ. ಆ್ಯಪಿನಲ್ಲಿ "ಅಕ್ಕಿ 100 ಗ್ರಾಂ" ಒತ್ತಿ, ತೂಕ ಮಾಡುವುದು ಬೆಂದ ಅನ್ನವನ್ನು. ಹಸಿ ಅಕ್ಕಿ 100 ಗ್ರಾಮಿಗೆ 350 ಕ್ಯಾಲರಿ, ಬೆಂದ ಅನ್ನ 100 ಗ್ರಾಮಿಗೆ 130. ಗಂಜಿಯಲ್ಲಂತೂ ಬಟ್ಟಲು ತುಂಬ ನೀರು, ಬಟ್ಟಲು ನೋಡಿ ಏನೂ ಹೇಳಲಾಗದು. ಕಡಲೆಯೂ ಹಾಗೇ: ಒಣಗಿದ್ದರಲ್ಲಿ 100ಕ್ಕೆ 19-20 ಗ್ರಾಂ ಪ್ರೋಟೀನ್, ಬೆಂದದ್ದರಲ್ಲಿ 9ರ ಹತ್ತಿರ. ಒಲೆಗೆ ಹಾಕುವ ಮೊದಲೇ ತೂಗಿ. ಮನೆಮಂದಿಗೆಲ್ಲ ಒಂದೇ ಪಾತ್ರೆಯಲ್ಲಿ ಬೇಯುವುದಾದರೆ ಒಟ್ಟು ಅಕ್ಕಿ ತೂಗಿ, ಬೆಂದ ಮೇಲೆ ಒಟ್ಟು ಅನ್ನ ತೂಗಿ, ನಿಮ್ಮ ಪಾಲು ಭಾಗಿಸಿ. ಎರಡು-ಮೂರು ಸಲ ಮಾಡಿದರೆ ಸೌಟಿನ ಅಳತೆ ಕೈಗೆ ಬರ್ತದೆ. ಕೋಳಿ ತರುವಾಗ ಎಲುಬು ಸೇರಿ 250 ಗ್ರಾಂ ಅಂದರೆ ಮಾಂಸ 150ರಷ್ಟೇ.

ದೇಹದ ತೂಕ ನೋಡುವುದು ಬೆಳಗ್ಗೆ, ಶೌಚ ಮುಗಿಸಿ, ನೀರು ಕುಡಿಯುವ ಮೊದಲು. ಒಂದು ದಿನದ ಅಂಕಿಗೆ ಬೆಲೆ ಇಲ್ಲ, ಹಿಂದಿನ ರಾತ್ರಿ ಉಪ್ಪಿನಕಾಯಿ ಜಾಸ್ತಿಯಾದರೂ ಏರ್ತದೆ. 7 ದಿನದ ಸರಾಸರಿಯನ್ನು ಮುಂದಿನ 7 ದಿನದ ಸರಾಸರಿಗೆ ಹೋಲಿಸಿ. ವಾರಕ್ಕೆ 150ರಿಂದ 300 ಗ್ರಾಂ ಏರಿದರೆ ದಾರಿ ಸರಿ. ಎರಡು ವಾರ ಕದಲದಿದ್ದರೆ 30 ಗ್ರಾಂ ನೆಲಗಡಲೆ ಸೇರಿಸಿ, 170 ಕ್ಯಾಲರಿ ಬರ್ತದೆ. ಅರ್ಧ ಕೆ.ಜಿ. ಮೀರಿ ಏರುತ್ತಾ ಸೊಂಟವೂ ದಪ್ಪ ಆಗ್ತಿದ್ದರೆ ಅನ್ನ ಒಂದು ಸೌಟು ತೆಗೆಯಿರಿ, ಮೀನು-ಮೊಟ್ಟೆ ಮುಟ್ಟಬೇಡಿ.

ಬದಿಯಡ್ಕ ಹುಡುಗ:
ಉಪಕಾರ ಆಯ್ತು. ಎರಡು ಸಂಶಯ. ಕಡಲೆ ತಿಂದು ಜಿಮ್ಮಿಗೆ ಹೋದರೆ ಹೊಟ್ಟೆ ಉಬ್ಬರಿಸ್ತದೆ. ಮತ್ತೆ ಮಳೆಗಾಲದಲ್ಲಿ ಮೀನಿಗೆ ಎಂತ ಮಾಡುವುದು?

ಕುಂಬಳೆ ಬಾರ್‌ಬೆಲ್:
ಉಬ್ಬರ ಯಾಕೆಂದರೆ ಕಾಳಿನ ಕೆಲವು ಸಕ್ಕರೆಗಳು ಸಣ್ಣ ಕರುಳಲ್ಲಿ ಜೀರ್ಣವಾಗದೆ ದೊಡ್ಡ ಕರುಳಿಗೆ ಹೋಗಿ ಹುಳಿಯುತ್ತವೆ. ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಬೆರಳಲ್ಲಿ ಹಿಚುಕಿದರೆ ಹುಡಿಯಾಗುವಷ್ಟು ಬೇಯಿಸು. ಮೊದಲ ವಾರ 20 ಗ್ರಾಂ, ಮೆಲ್ಲ ಏರಿಸು. ಜಿಮ್ಮಿಗೆ ಎರಡು ಗಂಟೆ ಮೊದಲು ತಿಂದು ಮುಗಿಸು, ಬಾಳೆಹಣ್ಣು ಬೇಕಾದರೆ ಅರ್ಧ ಗಂಟೆ ಮೊದಲು.

ನಮ್ಮ ಕೇರಳದಲ್ಲಿ ಟ್ರಾಲಿಂಗ್ (ಯಂತ್ರದೋಣಿಯಲ್ಲಿ ಬಲೆ ಎಳೆಯುವ ಮೀನುಗಾರಿಕೆ) ನಿಷೇಧ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ, 52 ದಿನ. ಕರ್ನಾಟಕದ್ದು ಜೂನ್ 1ಕ್ಕೇ ಶುರು, ಮಂಗಳೂರಿನಿಂದ ಬರುವ ಮೀನೂ ಕಮ್ಮಿ. ಸಾಂಪ್ರದಾಯಿಕ ದೋಣಿಯವರು ತಂದದ್ದು ಸಿಗ್ತದೆ, ರೇಟು ಕೇಳಬೇಡ. ಆಗ ಮಧ್ಯಾಹ್ನಕ್ಕೆ ಎಲುಬಿಲ್ಲದ 130-150 ಗ್ರಾಂ ಕೋಳಿ, ಇಲ್ಲವೇ 4 ಮೊಟ್ಟೆಯ ಸಾರು. ಒಣಮೀನನ್ನು ಲೆಕ್ಕಕ್ಕೆ ಹಿಡಿಯಬೇಡ. ಪ್ರೋಟೀನ್ ಉಂಟು, ಆದರೆ 30 ಗ್ರಾಂ ಪ್ರೋಟೀನಿಗೆ ಬೇಕಾಗುವಷ್ಟು ತಿಂದರೆ ಉಪ್ಪು ಮಿತಿ ಮೀರ್ತದೆ.

ಮುಳ್ಳೇರಿಯ ಸಸ್ಯಾಹಾರಿ:
ಮೊಟ್ಟೆಯೂ ಆಗದ ಮನೆಯವರಿಗೆ ಏನಾದರೂ ಉಂಟಾ? ಇಲ್ಲಿ ಅರ್ಧ ಜನ ನಾವೇ.

ತಕ್ಕಡಿ ಮಾಸ್ಟ್ರು:
ಉಂಟು, ಸ್ವಲ್ಪ ಹಟ ಬೇಕು. ಹಾಲು ಅರ್ಧ ಲೀಟರಿನಲ್ಲಿ 16 ಗ್ರಾಂ, ಮೊಸರು 200 ಗ್ರಾಮಿನಲ್ಲಿ 6-7, ಪನೀರ್ 100 ಗ್ರಾಮಿನಲ್ಲಿ 18, ಕಡಲೆ-ಹೆಸರು-ಹುರುಳಿ ಸೇರಿ ಒಣ ತೂಕ 100 ಗ್ರಾಮಿನಲ್ಲಿ 21, ನೆಲಗಡಲೆ 30 ಗ್ರಾಮಿನಲ್ಲಿ 7-8, ದಿನದ ಅಕ್ಕಿ 300 ಗ್ರಾಮಿನಲ್ಲಿ 21. ಇಲ್ಲಿಗೆ 90. ಬಾಕಿ ತುಂಬಲು ಸೋಯಾ ಚಂಕ್ಸ್ 50 ಗ್ರಾಂ (ಒಣ), 26 ಗ್ರಾಂ ಬರ್ತದೆ. ಅದರ ವಾಸನೆ ಹಿಡಿಸದವರು ಉಪ್ಪು ಹಾಕಿದ ಕುದಿನೀರಲ್ಲಿ 8-10 ನಿಮಿಷ ಬೇಯಿಸಿ, ತಣ್ಣೀರಲ್ಲಿ ಎರಡು ಸಲ ಗಟ್ಟಿಯಾಗಿ ಹಿಂಡಬೇಕು. ಹಿಂಡದೆ ಮಸಾಲೆಗೆ ಹಾಕಿದರೆ ಒಳಗೆ ನೀರೇ ಇರ್ತದೆ, ಮಸಾಲೆ ಹಿಡಿಯುವುದಿಲ್ಲ. ತೆಂಗಿನಕಾಯಿಯನ್ನು ಪ್ರೋಟೀನ್ ಅಂತ ತಿಳಿದವರಿದ್ದಾರೆ. 100 ಗ್ರಾಂ ತುರಿಯಲ್ಲಿ 350 ಕ್ಯಾಲರಿ, ಪ್ರೋಟೀನ್ ಬರೀ 3. ತೂಕ ಏರದವರಿಗೆ ಒಳ್ಳೆಯದು, ಅಷ್ಟೇ. ವಿಟಮಿನ್ ಬಿ12 ಒಮ್ಮೆ ರಕ್ತದಲ್ಲಿ ನೋಡಿಸಿ.

ಚೆರ್ಕಳ ಡಂಬೆಲ್:
ಮಾಸ್ ಗೇನರ್ ಬಗ್ಗೆ ಯಾರೂ ಹೇಳಲಿಲ್ಲ. ಡಬ್ಬಿ ತಿರುಗಿಸಿ ಓದಿ, ಹೆಚ್ಚಿನವುಗಳಲ್ಲಿ ಮೊದಲ ಹೆಸರೇ ಮಾಲ್ಟೊಡೆಕ್ಸ್ಟ್ರಿನ್, ಅಂದರೆ ಪಿಷ್ಟ. ಪಿಷ್ಟಕ್ಕೆ ನಿಮಗೆ ರೇಷನ್ ಅಂಗಡಿ ಉಂಟು. ವೇ ಪ್ರೋಟೀನ್ (ಹಾಲಿನಿಂದ ತೆಗೆದ ಪ್ರೋಟೀನ್ ಪುಡಿ) ಮೋಸ ಅಲ್ಲ, 30 ಗ್ರಾಂ ಪುಡಿಗೆ 24 ಗ್ರಾಂ ಬರ್ತದೆ, ಅಡುಗೆಗೆ ಪುರುಸೊತ್ತಿಲ್ಲದ ದಿನಕ್ಕೆ. ಕೊಳ್ಳುವ ಮೊದಲು ಡಬ್ಬಿಯ ಬೆಲೆಯನ್ನು ಅದರ ಒಟ್ಟು ಪ್ರೋಟೀನ್ ಗ್ರಾಮಿನಿಂದ ಭಾಗಿಸಿ, ಮೊಟ್ಟೆಯ ದರವನ್ನು 6ರಿಂದ ಭಾಗಿಸಿ, ಎರಡನ್ನೂ ಪಕ್ಕಪಕ್ಕ ಇಡಿ. ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಪರವಾನಗಿ ಸಂಖ್ಯೆ ಇಲ್ಲದ್ದು, ಬಿಡಿಯಾಗಿ ಪೊಟ್ಟಣ ಕಟ್ಟಿ ಕೊಡುವುದು, ಹೆಸರಿಲ್ಲದ ಮಾತ್ರೆ, ಯಾವುದೂ ಬೇಡ.

ಇನ್ನು ಭಾರ ಎತ್ತುವವರು ಬಲಕ್ಕೆ ತಗೊಳ್ಳುವ ಪುಡಿ ಕ್ರಿಯಾಟಿನ್ ಮೊನೊಹೈಡ್ರೇಟ್. ಅದು ದಿನಕ್ಕೆ 3ರಿಂದ 5 ಗ್ರಾಂ ಸಾಕು, ಮೊದಲ ವಾರ 20 ಗ್ರಾಂ ತುಂಬುವ ಅಗತ್ಯ ಇಲ್ಲ. ಸ್ನಾಯುವಿನಲ್ಲಿ ನೀರು ನಿಂತು ಶುರುವಿಗೆ ಒಂದು ಕೆ.ಜಿ.ಯಷ್ಟು ಏರಬಹುದು, ಅದನ್ನು ಮಾಸ್ಟ್ರ ಸರಾಸರಿ ಲೆಕ್ಕಕ್ಕೆ ಸೇರಿಸಬೇಡಿ. ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೇಗುಂಟು ಅಂತ ನೋಡುವ ಅಂಕಿ) ಸ್ವಲ್ಪ ಜಾಸ್ತಿ ಕಾಣಬಹುದು, ತಗೊಳ್ತಾ ಇದ್ದೇನೆ ಅಂತ ಡಾಕ್ಟ್ರಿಗೆ ಮೊದಲೇ ಹೇಳಿ. ಕಿಡ್ನಿ ತೊಂದರೆ ಇದ್ದವರು ಇದನ್ನೂ, ಮೇಲಿನ 115 ಗ್ರಾಂ ಪಟ್ಟಿಯನ್ನೂ ಅವರನ್ನು ಕೇಳದೆ ಶುರು ಮಾಡಬಾರದು.